ಹಿಂದೆ ಕೂತವಳ ಕೈ

ಎಡಗಡೆಯ ಜಡೆ ಹೆಣೆದು ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಮೊದಲ ಸುತ್ತು ಹಾಕುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಅವಳು, ಮಗಳ ಕೂದಲನ್ನು ಬಿಡಲೂ ಆಗದೆ ಹಿಡಿದುಕೊಂಡೇ ಬಾಗಿಲಿಗೆ ಹೋಗಲೂ ಆಗದೆ ಸುಮ್ಮನೆ ನಿಂತಳು. ಮಗಳ ಕಿವಿ ಕಣ್ಣೆದುರಿಗೇ ಇತ್ತು. ಕಿಟಕಿಯ ಬೆಳಕು ಬಿದ್ದು ಅಂಚು ಕೆಂಪಗೆ ಕಾಣುವ ತೆಳ್ಳನೆಯ ಕಿವಿ. ಎರಡು ತಿಂಗಳಿಂದ ಜಡೆ ಹಾಕುವಾಗಲೆಲ್ಲ ಬೈತಲೆಯ ಗೆರೆಯ ಮೇಲೆ ಕಣ್ಣು ನೆಟ್ಟು ಈ ಕಿವಿಗಳನ್ನು ನೋಡದೆ ಇರುವುದನ್ನು ಅವಳು ಕಲಿತಿದ್ದಳು. ಒಳಗಿನಿಂದ ಗಂಡ, ಮುಖಕ್ಕೆ ಸೋಪು ಹಚ್ಚಿಕೊಂಡೇ ಕೂಗಿದ: "ಬಾಗಿಲು ಬಡೀತಿದಾರೆ ಕಣೇ! ಮಗಳಿಗಾಯ್ತು, ನಿಂಗೂ ಕಿವಿ ಹೋಯ್ತಾ?" ಸ್ಟೂಲಿನ ಮೇಲೆ ಕೂತಿದ್ದ ಮಗಳು ತಿರುಗದೆಯೇ ಹೇಳಿದಳು: "ಕೇಳಿಸ್ತು ಅಪ್ಪಾ."

ಬಾಗಿಲಲ್ಲಿ ಟ್ರಾಫಿಕ್ ಪೇದೆ ನಿಂತಿದ್ದ. ಇಸ್ತ್ರಿ ಮಾಡಿದ ಬಟ್ಟೆ, ಕಂಕುಳಲ್ಲಿ ಟೋಪಿ, ಕೈಯಲ್ಲಿ ಮಡಿಸಿದ ಒಂದು ಹಾಳೆ. ಅವನು ಕೆಟ್ಟವನಲ್ಲ. ಆವತ್ತು ರಸ್ತೆಯಲ್ಲಿ ಅವಳಿಗೆ ಮೊದಲು ನೀರು ಕುಡಿಸಿದವನೇ ಅವನು. "ಏನಮ್ಮಾ, ನಮ್ಮ ಭಾಷಣಗಾರ್ತಿ ರೆಡಿನಾ? ಅರ್ಧ ಜಡೇಲೇ ಕರ್ಕೊಂಡು ಬಂದುಬಿಡಬೇಡಿ ಮತ್ತೆ. ರಸ್ತೆ ಸುರಕ್ಷತೆ ಕಾರ್ಯಕ್ರಮ ಅಂತ ಸ್ಕೂಲಿಗೆ ಸಾಹೇಬ್ರು ಬರ್ತಾರೆ, ಫೋಟೋ ಹೊಡೀತಾರೆ." ಅವನು ಹಾಳೆ ಬಿಚ್ಚಿದ. ನೆನ್ನೆಯವರೆಗೆ ಮಗಳು ತನ್ನ ಕೈಬರಹದಲ್ಲಿ ಬರೆದುಕೊಂಡು ಕಲಿತಿದ್ದನ್ನು ಅವನು ಕಚೇರಿಯಲ್ಲಿ ಟೈಪು ಮಾಡಿಸಿ, ಎರಡು ಸಾಲು ಸೇರಿಸಿ ತಂದಿದ್ದ. ಓದಿಯೂ ಬಿಟ್ಟ: "'ನಾನು ಕೈ ತೋರಿಸಲು ಮರೆತೆ. ನನ್ನ ಮರೆವಿನಿಂದ ಒಬ್ಬ ಹಿರಿಯರು ತಮ್ಮ ಕೈಯನ್ನೇ ಕಳೆದುಕೊಂಡರು. ಗೆಳೆಯರೇ, ನೀವು ಮರೆಯಬೇಡಿ.' ಹೆಂಗಿದೆ? ಕೊನೇ ಸಾಲಲ್ಲಿ ಗಂಟಲು ಸ್ವಲ್ಪ ನಡುಗಿದ್ರೆ ಚೆನ್ನಾಗಿರುತ್ತೆ ಪುಟ್ಟಾ. ಆದ್ರೆ ಅಳಬಾರದು, ಆಯ್ತಾ?"

"ಕೇಳಿಸ್ತು ಮಾಮ. ನಡುಗಿಸ್ತೀನಿ."

"ಭೇಷ್! ನೋಡಿ, ದೊಡ್ಡೋರು ಸಾವಿರ ಸಲ ಹೇಳಿದ್ರೂ ನಾಟಲ್ಲ. ತಪ್ಪು ಮಾಡಿದ ಮಗು ಬಾಯಲ್ಲಿ ಬಂದ್ರೆ ಸೀದಾ ಎದೆಗೇ ಹೋಗುತ್ತೆ." ಅವನು ಅವಳ ಕಡೆ ನೋಡಿ ನಕ್ಕ. ಅವಳೂ ನಕ್ಕಳು. ಬಾಚಣಿಗೆ ಇನ್ನೂ ಹಲ್ಲಿನಲ್ಲೇ ಇದೆಯೆಂದು ಆಮೇಲೆ ಹೊಳೆಯಿತು.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವಳು. ಐದು ವರ್ಷದ ಹಿಂದೆ ಆ ಯಂತ್ರದ ಬಿಸಿ ಉರುಳೆಗೆ ಎಡ ಮಣಿಕಟ್ಟು ಸಿಕ್ಕಿತ್ತು. ಗಾಯ ಮಾಗಿತು, ಬಲ ಮಾತ್ರ ಮರಳಲಿಲ್ಲ. ಸೈಕಲ್ಲಿನ ಹ್ಯಾಂಡಲನ್ನು ಆ ಒಂದು ಕೈಯಲ್ಲಿ ಹಿಡಿದು ಇನ್ನೊಂದನ್ನು ಹೊರಗೆ ಚಾಚಿದರೆ ಚಕ್ರ ಹಾವಿನ ಹಾಗೆ ಹರಿದಾಡುತ್ತಿತ್ತು. ಹಾಗಾಗಿ ಮಗಳು ಕ್ಯಾರಿಯರಿನ ಮೇಲೆ ಕೂರುವಷ್ಟು ದೊಡ್ಡವಳಾದ ದಿನದಿಂದ ತಾಯಿ ಮಗಳಿಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ತಿರುವು ಹತ್ತಿರ ಬಂದಾಗ ಅಮ್ಮ "ಬಲ" ಅನ್ನಬೇಕು, ಇಲ್ಲವೇ "ಎಡ". ಹಿಂದೆ ಕೂತವಳು ಮೊದಲು ಹಿಂದಕ್ಕೆ ತಿರುಗಿ ನೋಡಬೇಕು, ಯಾರಾದರೂ ಬರುತ್ತಿದ್ದರೆ "ತಾಳು" ಅನ್ನಬೇಕು, ಇಲ್ಲದಿದ್ದರೆ ಕೈ ಚಾಚಬೇಕು. ಆಮೇಲಷ್ಟೇ ಸೈಕಲ್ಲು ತಿರುಗುವುದು. "ನನಗೆ ಬೆನ್ನಲ್ಲಿ ಕಣ್ಣಿಲ್ಲ ಕಣೇ ಕಡ್ಡಿ, ಕೈಯಲ್ಲಿ ಕಸುವಿಲ್ಲ. ನೀನೇ ನನ್ನ ಕಣ್ಣು, ನೀನೇ ನನ್ನ ಕೈ" ಎಂದು ಅವಳು ಅಂದಾಗ, ಕಡ್ಡಿಯಂತಿದ್ದ ಆ ಹುಡುಗಿ ಹೆಮ್ಮೆಯಿಂದ ಬೆನ್ನಿಗೆ ಮೂಗು ಉಜ್ಜುತ್ತಿದ್ದಳು. ನಾಲ್ಕು ವರ್ಷ ಒಂದು ಸಲವೂ ತಪ್ಪಲಿಲ್ಲ. ಮಗಳ ಕೈ ಗಾಳಿಯಲ್ಲಿ ಚಾಚಿಕೊಂಡಾಗ ಸೈಕಲ್ಲು ಇಷ್ಟೇ ಇಷ್ಟು ಆ ಕಡೆಗೆ ವಾಲುವುದು ಅವಳ ಸೊಂಟಕ್ಕೆ ಗೊತ್ತಾಗುತ್ತಿತ್ತು. ಬೇರೆಯವರು ಮಕ್ಕಳನ್ನು ಎತ್ತಿಕೊಂಡಾಗ ಸಿಗುವ ಸುಖ ಅವಳಿಗೆ ಆ ವಾಲುವಿಕೆಯಲ್ಲಿ ಸಿಗುತ್ತಿತ್ತು.

ಆವತ್ತು ಅದು ವಾಲಲಿಲ್ಲ. ವಾಲಲಿಲ್ಲವೆಂದು ಅವಳಿಗೆ ಗೊತ್ತಾಗಲೂ ಇಲ್ಲ. ಹಿಂದಿನ ದಿನ ಮೇಲ್ವಿಚಾರಕಿ ಅವಳು ಮಡಿಸಿಟ್ಟಿದ್ದ ನಲವತ್ತು ಹಾಸುಬಟ್ಟೆಗಳನ್ನು ಎಲ್ಲರೆದುರಿಗೆ ನೆಲಕ್ಕೆ ಕೆಡವಿ, "ಮನೇಲೂ ಹಿಂಗೇ ಮಡಚ್ತೀಯೇನಮ್ಮಾ? ಗಂಡ ಏನೂ ಅನ್ನಲ್ವಾ?" ಎಂದಿದ್ದಳು. ಹತ್ತೊಂಬತ್ತು ವರ್ಷದ ಹೊಸ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಿದ್ದಳು. ಸೈಕಲ್ ತುಳಿಯುತ್ತಾ ಅವಳು ಮೇಲ್ವಿಚಾರಕಿಗೆ ಕೊಡಬೇಕಾಗಿದ್ದ ಉತ್ತರವನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಹರಿತ ಮಾಡುತ್ತಿದ್ದಳು. 'ನನ್ನ ಗಂಡನಾದರೂ ಏನೂ ಅನ್ನಲ್ಲ, ನಿನಗೆ ಅನ್ನೋಕೆ ಗಂಡನೇ ಇಲ್ಲವಲ್ಲ.' ಆ ವಾಕ್ಯ ಸಿಕ್ಕಿದ್ದೇ ತಡ, ಅದರ ರುಚಿಗೆ ಬಾಯಲ್ಲಿ ನೀರೂರಿತು. ಬಣ್ಣದಂಗಡಿಯ ಮೂಲೆ ಬಂದಿತ್ತು, ಕಾಲು ತಾನೇ ತುಳಿಯಿತು, ಕೈ ತಾನೇ ತಿರುಗಿಸಿತು. ಹಿಂದೆ, ತೀರ ಬಲ ಪಕ್ಕಕ್ಕೆ, ಯಾರೋ "ಏ ಏ ಏ" ಅಂದರು. ಗಂಟೆಯ ಶಬ್ದ. ಆಮೇಲೆ ಕಬ್ಬಿಣದ ಕಂಬಕ್ಕೆ ಏನೋ ಬಡಿದ ಸದ್ದು. ಮುಖ ತಿರುಗಿಸಿದಾಗ ಗಡಿಯಾರ ರಿಪೇರಿಯ ಮುದುಕ ತನ್ನ ಸೈಕಲ್ಲಿನ ಕೆಳಗೆ ಬಿದ್ದಿದ್ದ. ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಅವನ ಬಲಗೈ ಮೊಣಕೈಯ ಕೆಳಗೆ, ಕೈ ತಿರುಗಬಾರದ ದಿಕ್ಕಿಗೆ ತಿರುಗಿತ್ತು.

ಜನ ಸೇರಿದರು. ಯಾರೋ ಕೇಳಿದರು: "ಕೈ ತೋರಿಸಬಾರದಾ ರೀ? ಮನುಷ್ಯ ಹಿಂದೇನೇ ಬರ್ತಿದಾನೆ!" ಆ ಪ್ರಶ್ನೆ ಅವಳ ಮುಖಕ್ಕೆ ಬಡಿಯುವ ಮುಂಚೆಯೇ ಅವಳು ಹಿಂದಕ್ಕೆ ತಿರುಗಿ, ಕ್ಯಾರಿಯರಿನಿಂದ ಇಳಿದು ಲಂಗದ ಅಂಚನ್ನು ಮುದ್ದೆ ಮಾಡಿ ಹಿಡಿದು ನಿಂತಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಕೇಳಿಬಿಟ್ಟಿದ್ದಳು: "ಯಾಕೆ ಕೈ ತೋರಿಸಲಿಲ್ಲ ನೀನು?"

ಅಷ್ಟೇ. ಅದು ಸುಳ್ಳೂ ಆಗಿರಲಿಲ್ಲ. ಬರೀ ಒಂದು ಪ್ರಶ್ನೆ. ಆಮೇಲೆ ಅವಳು ಬೇರೇನನ್ನೂ ಹೇಳಬೇಕಾಗಲಿಲ್ಲ, ಉಳಿದದ್ದನ್ನೆಲ್ಲ ಬೇರೆಯವರೇ ಹೇಳಿದರು. ಅಯ್ಯೋ ಪಾಪ, ಮಗು. ಮಗು ಮರೆತಿದೆ. ಮಕ್ಕಳ ಕೈಲಿ ಇಂಥದ್ದೆಲ್ಲ ಕೊಡಬಾರದು ಕಣಮ್ಮಾ. ಪೇದೆ ಅವಳ ಮಣಿಕಟ್ಟಿನ ಗುರುತನ್ನು ನೋಡಿ ತಲೆಯಾಡಿಸಿದ. "ಲೆಕ್ಕಕ್ಕೆ ನೀವೇ ತಿರುಗಿ ನೋಡಬೇಕಿತ್ತು. ಹಿಂದೆ ಕೂತವರು ಸಿಗ್ನಲ್ ಕೊಡೋದು ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ನಿಮ್ಮ ಕೈ ಹಿಂಗಿದೆ, ಇದು ಮಗು. ಯಾರ ಮೇಲೆ ಅಂತ ಬರೀಲಿ?" ಎಂದು, ಹಿಂದೆ ಕೂತಿದ್ದ ಬಾಲಕಿ ಸೂಚನೆ ನೀಡಲು ಮರೆತ ಕಾರಣ ಎಂದು ಬರೆದುಕೊಂಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ತಪ್ಪಿದ ದೊಣ್ಣೆ ಎಲ್ಲಿ ಹೋಗಿ ಬಿತ್ತು ಅಂತ ಗಾದೆ ಮಾಡಿದವರು ಹೇಳುವುದಿಲ್ಲ.

ಮಗಳು ಆವತ್ತು ಅಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಟವೆಲಿನಲ್ಲಿ ಒರೆಸಿಕೊಳ್ಳುತ್ತಾ, "ನನಗೆ ಕೇಳಿಸಲಿಲ್ಲ ಅಮ್ಮಾ" ಎಂದಳು. ಆಗ ಹೇಳಬಹುದಿತ್ತು. ಆ ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಒಲೆ ಹಚ್ಚಿರಲಿಲ್ಲ, ನಲ್ಲಿ ಕೂಡ ಸುಮ್ಮನಿತ್ತು. ಅವಳು, "ಹೋಗ್ಲಿ ಬಿಡು, ಆದದ್ದಾಯ್ತು" ಎಂದಳು. ಕ್ಷಮಿಸಿದಳು! ಆ ಮಾತು ಎಷ್ಟು ಮೃದುವಾಗಿ ಬಂತೆಂದರೆ ಮಗಳು ಬಂದು ಸೊಂಟ ತಬ್ಬಿಕೊಂಡಳು. ಗಂಡ ಬಸ್ಸು ಓಡಿಸುವವನು. ಅವನ ಲೆಕ್ಕದಲ್ಲಿ ಸೈಕಲ್ಲಿನವರೆಲ್ಲ ರಸ್ತೆಯ ಸೊಳ್ಳೆಗಳು. ಸಂಜೆ ಬಂದು ಕೇಳಿದವನೇ, "ಅಮ್ಮ ಬಾಯಿ ಬಡ್ಕೊಂಡ್ರೂ ಕೇಳಿಸದಷ್ಟು ಏನೇ ಯೋಚನೆ? ಕಿವೀಲಿ ಹತ್ತಿ ಇಟ್ಕೊಂಡಿದ್ಯಾ? ಒಂದ್ಸಲ ಡಾಕ್ಟ್ರಿಗೆ ತೋರಿಸೇ ಇವಳನ್ನ" ಎಂದ.

ತೋರಿಸಿದಳು. ತಾನು ಕೆಲಸ ಮಾಡುವ ಆಸ್ಪತ್ರೆ, ಪರಿಚಯದ ಡಾಕ್ಟರು, ಕಾಯಬೇಕಾಗಿಯೂ ಇರಲಿಲ್ಲ. ಗಾಜಿನ ಗೂಡಿನಂಥ ಕೋಣೆಯಲ್ಲಿ ಮಗಳನ್ನು ಕೂರಿಸಿ, ತಲೆಗೆ ದೊಡ್ಡ ಹೆಡ್‌ಫೋನು ಹಾಕಿ, ಕೈಗೆ ಗುಂಡಿಯೊಂದನ್ನು ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒತ್ತು ಎಂದರು. ಗಾಜಿನ ಈಚೆ ನಿಂತು ಅವಳು ನೋಡುತ್ತಿದ್ದಳು. ಹುಡುಗಿ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಇಡೀ ಮೈಯನ್ನೇ ಕಿವಿ ಮಾಡಿಕೊಂಡು ಕೂತಿದ್ದಳು. ಒತ್ತುತ್ತಿದ್ದಳು, ಮತ್ತೆ ಮತ್ತೆ ಒತ್ತುತ್ತಿದ್ದಳು. ಡಾಕ್ಟರು ನಕ್ಕರು: "ಇಲ್ಲದ ಸದ್ದೂ ಕೇಳಿಸುತ್ತಲ್ಲ ಇವಳಿಗೆ! ಕಿವಿ ನೆಟ್ಟಗಿದೆ ಕಣಮ್ಮಾ, ಚಿನ್ನದಂಥ ಕಿವಿ. ಗಮನ ಇಲ್ಲ ಅಷ್ಟೇ." ಅಂದಿನಿಂದ ಮಗಳು ಗಮನವನ್ನು ಕಲಿಯತೊಡಗಿದಳು. ಶಾಲೆಯಲ್ಲಿ ತಾನಾಗಿ ಕೇಳಿ ಮುಂದಿನ ಬೆಂಚಿಗೆ ಬಂದಳು. ಮನೆಯಲ್ಲಿ ಏನು ಹೇಳಿದರೂ ಮೊದಲು "ಕೇಳಿಸ್ತು" ಅನ್ನುತ್ತಾಳೆ. ನೀರು ತಾ. ಕೇಳಿಸ್ತು. ಮಲಗು. ಕೇಳಿಸ್ತು. ಮುದ್ದು ಕಣೇ ನೀನು. ಕೇಳಿಸ್ತು. ಶಾಲೆಯ ಹುಡುಗಿಯರು ಅವಳು ಹಾದುಹೋಗುವಾಗ ಒಬ್ಬರ ಹಿಂದೊಬ್ಬರು ಕೈ ಚಾಚಿ ನಿಲ್ಲುತ್ತಾರಂತೆ. ಅದನ್ನೂ ಮಗಳು ತಮಾಷೆಯ ಸುದ್ದಿಯಂತೆ ಹೇಳಿದಳು, ಅವಳು ತಮಾಷೆಯಂತೆಯೇ ಕೇಳಿದಳು.

ಗಡಿಯಾರ ರಿಪೇರಿಯವರ ಮನೆಗೆ ಒಂದೇ ಸಲ ಹೋಗಿದ್ದಳು, ಮಗಳನ್ನು ಕರೆದುಕೊಂಡು. ಹೇಳಿಬಿಡಬೇಕೆಂದೇ ಹೋದದ್ದು. ಮುದುಕ ಮೇಜಿನ ಮುಂದೆ ಕೂತು ಎಡಗೈಯಿಂದ ಚಿಮಟ ಹಿಡಿದು ಸಾಸಿವೆಯಷ್ಟು ತಿರುಪೊಂದನ್ನು ಎತ್ತಲು ನೋಡುತ್ತಿದ್ದ. ಅದು ಜಾರಿ ಜಾರಿ ಬೀಳುತ್ತಿತ್ತು. ಬಲಗೈಯ ಬೆರಳುಗಳು ಅರ್ಧಕ್ಕೆ ನಿಂತ ಗಡಿಯಾರದ ಮುಳ್ಳುಗಳಂತೆ ಒಂದೊಂದು ಒಂದು ಕಡೆ ನೋಡುತ್ತಿದ್ದವು. ಮಗಳು ಹೋಗಿ ಅವನ ಕಾಲು ಮುಟ್ಟಿ, "ತಪ್ಪಾಯ್ತು ತಾತ" ಎಂದಳು. ಅವನು ಅವಳ ತಲೆ ಸವರಿ ಅವಳಮ್ಮನ ಕಡೆ ನೋಡಿದ. "ಬಿಡಮ್ಮಾ, ಮಗು ಮೇಲೆ ಏನು ಸಿಟ್ಟು? ಮಗು ಅಂತ ನುಂಗ್ಕೊಂಡೆ. ಬೆಳೆದ ಹೆಂಗಸು ಯಾರಾದ್ರೂ ಮಾಡಿದ್ರೆ, ನಾನು ಬಾಯಿ ತುಂಬ ಶಾಪ ಹಾಕ್ತಿದ್ದೆ. ಅವಳ ಹೊಟ್ಟೇಲಿ ಹುಟ್ಟಿದ್ದಕ್ಕೂ ಸೇರಿಸಿ." ಹೇಳಬೇಕೆಂದು ತಂದಿದ್ದ ಮಾತು ಅವಳ ಬಾಯಲ್ಲೇ ಕರಗಿಹೋಯಿತು. ಮಗಳಿಗಾಗಿಯೇ ಸುಮ್ಮನಿದ್ದೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಳು. ಮನೆ ತಲುಪುವಷ್ಟರಲ್ಲಿ ಅದನ್ನು ನಂಬಿಯೂ ಇದ್ದಳು.

ಎರಡನೆಯ ಜಡೆ ಸ್ವಲ್ಪ ಸಡಿಲವಾಯಿತು. ಬಿಚ್ಚಿ ಮತ್ತೆ ಹಾಕಲು ಹೊತ್ತಿರಲಿಲ್ಲ. ಗಂಡ ಬೂಟು ಕಟ್ಟಿಕೊಳ್ಳುತ್ತಾ, "ಭಾಷಣ ಎಲ್ಲ ಆದ್ಮೇಲೆ ಏನಾದ್ರೂ ಪೆನ್ನು ಗಿನ್ನು ಬಹುಮಾನ ಕೊಡ್ತಾರೇನೇ?" ಎಂದ. "ತಪ್ಪು ಮಾಡಿದವರಿಗೂ ಬಹುಮಾನ ಕೊಡೋ ಕಾಲ ಬಂತು ನೋಡು." ಮಗಳು ನಕ್ಕಳು. ಅವಳಿಗೆ ಗಂಡನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾಯಿಂದ ಬಂದದ್ದು, "ಡಬ್ಬಿ ಮರೀಬೇಡಿ."

ಮಗಳು ಕ್ಯಾರಿಯರಿನ ಮೇಲೆ ಕೂತಳು. ಹಾಳೆ ಬೆವರಿಗೆ ಒದ್ದೆಯಾಗಬಾರದೆಂದು ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಈಗ ಹಿಂದಿನ ಚಕ್ರದ ಮೇಲೆ ಕೆಂಪು ಪ್ರತಿಫಲಕ ಇದೆ, ಹೊಸ ಗಂಟೆ ಇದೆ, ಬ್ರೇಕಿನ ರಬ್ಬರು ಬದಲಾಗಿದೆ. ಸೈಕಲ್ಲಿನಲ್ಲಿ ತಪ್ಪು ಹುಡುಕಲು ಯಾರಿಗೂ ಏನೂ ಉಳಿಯದಂತೆ ಅವಳು ನೋಡಿಕೊಂಡಿದ್ದಳು. ತಿರುವುಗಳಲ್ಲಿ ಈಗ ಅವಳು ಕೂಗುತ್ತಾಳೆ. ಹಾದಿಹೋಕರು ತಿರುಗಿ ನೋಡುವಷ್ಟು, ಅಂಗಡಿಯವರಿಗೆ ಕೇಳಿಸುವಷ್ಟು ಜೋರಾಗಿ. ಕೇಳಿ, ನಾನು ಹೇಳುವವಳು, ಯಾವಾಗಲೂ ಹೇಳುವವಳು. ಬಣ್ಣದಂಗಡಿಯ ಮೂಲೆ ಬಂತು. "ಬಲ!" ಎಂದಳು. ಸೈಕಲ್ಲು ತಕ್ಷಣ ವಾಲಿತು. ಮಗಳು ಬಹಳ ಮುಂಚೆಯೇ ಕೈ ಚಾಚಿ, ನೆಟ್ಟಗೆ, ಮರದ ಕೈಯಂತೆ ಹಿಡಿದಿದ್ದಳು. ತಿರುವು ಮುಗಿದು ಎಷ್ಟೋ ದೂರ ಬಂದರೂ ಇಳಿಸಲಿಲ್ಲ. ಸೈಕಲ್ಲು ಇನ್ನೂ ಆ ಕಡೆಗೇ ವಾಲಿತ್ತು.

"ಸಾಕು ಕಡ್ಡಿ. ಇಳಿಸು."

"ಕೇಳಿಸ್ತು." ಕೈ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಬೆನ್ನಿನ ಹಿಂದಿನಿಂದ: "ಅಮ್ಮಾ, ನೀನು ಹೇಳಿದ್ದು ನನಗೆ ಯಾವಾಗ್ಲೂ ಕೇಳಿಸುತ್ತೆ."

ಅವಳು ತುಳಿಯುವುದನ್ನು ನಿಲ್ಲಿಸಿದಳು. ಸೈಕಲ್ಲು ತಾನೇ ಸ್ವಲ್ಪ ದೂರ ಉರುಳಿ ಗೋಡೆಯೊಂದರ ಪಕ್ಕ ನಿಂತಿತು. ಒಂದು ಕಾಲು ನೆಲಕ್ಕೆ ಊರಿ, ಹಿಂದಕ್ಕೆ ತಿರುಗದೆ, "ಕಡ್ಡಿ, ಇಲ್ಲಿ ಕೇಳು" ಎಂದಳು.

"ಕೇಳಿಸ್ತು."

"ಇನ್ನೂ ಹೇಳೇ ಇಲ್ಲ ಕಣೇ."

ಮಗಳು ಆ ಗಾಜಿನ ಕೋಣೆಯಲ್ಲಿ ಕೂತಿದ್ದ ಹಾಗೆಯೇ ಈಗ ಕೂತಿರುತ್ತಾಳೆ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ. ಎರಡು ಪದ ಸಾಕಿತ್ತು: ನಾನು ಹೇಳಲಿಲ್ಲ. ಸರಿ, ಹೇಳಿದೆ ಅಂತಿಟ್ಟುಕೋ. ಆಮೇಲೆ? ಹುಡುಗಿ ಎರಡು ತಿಂಗಳ ಒಂದೊಂದು ದಿನವನ್ನೂ ಎತ್ತಿ ಎತ್ತಿ ನೋಡುತ್ತಾಳೆ. ಗಾಜಿನ ಆಚೆ ನಿಂತಿದ್ದ ಅಮ್ಮನನ್ನು ನೋಡುತ್ತಾಳೆ, ತಾತನ ಕಾಲು ಮುಟ್ಟುವಾಗ ಸುಮ್ಮನೆ ನಿಂತಿದ್ದವಳನ್ನು ನೋಡುತ್ತಾಳೆ. ಶಾಲೆ ಇನ್ನು ಎರಡು ತಿರುವಿನಷ್ಟು ದೂರ. ಇವತ್ತೊಂದು ದಿನ ಕಳೆದರೆ ಮುಗಿಯಿತು, ಇದು ಎಲ್ಲರಿಗೂ ಮರೆತುಹೋಗುತ್ತದೆ. ಮಕ್ಕಳ ನೆನಪು ನೀರಿನ ಮೇಲಿನ ಗೆರೆ.

"ಮೈಕಿನ ಹತ್ರ ಬಾಯಿ ಇಟ್ಕೊಂಡು ಮಾತಾಡು. ಇಲ್ಲದಿದ್ರೆ ಹಿಂದಿನವರಿಗೆ ಕೇಳಿಸಲ್ಲ" ಎಂದಳು.

ಬೆನ್ನಿನ ಹಿಂದೆ ಈ ಸಲ ಯಾವ ಉತ್ತರವೂ ಬರಲಿಲ್ಲ.

ಶಾಲೆಯ ಅಂಗಳದಲ್ಲಿ ಸುಣ್ಣದಿಂದ ರಸ್ತೆ ಬರೆದಿದ್ದರು. ರಟ್ಟಿನ ಸಿಗ್ನಲ್ ದೀಪಗಳು, ಬಿಳಿ ಪಟ್ಟೆಗಳು, ಬಾಣದ ಗುರುತುಗಳು. ಪೇದೆ ಸೈಕಲ್ಲೊಂದನ್ನು ಮೇಜಿನ ಮೇಲೆ ನಿಲ್ಲಿಸಿ, "ಮಕ್ಕಳೇ, ಸೈಕಲ್ಲು ಹತ್ತೋ ಮುಂಚೆ ಮೂರು ನೋಡ್ಬೇಕು! ಗಾಳಿ, ಬ್ರೇಕು, ಗಂಟೆ! ತಿರುಗೋ ಮುಂಚೆ ಮೂರು ಮಾಡ್ಬೇಕು! ಹಿಂದೆ ನೋಡು, ಕೈ ತೋರು, ಆಮೇಲೆ ತಿರುಗು! ಕೈ ತೋರಿಸಿದ್ರೆ ಸಾಕಾ? ಹಿಂದಿನವರು ನೋಡಿದ್ರಾ ಇಲ್ವಾ ಅಂತ ಯಾರು ನೋಡ್ಬೇಕು? ನಿಮ್ಮಜ್ಜಿ ನೋಡ್ಬೇಕಾ?" ಎಂದು ಕೂಗಿದ. ಮಕ್ಕಳು "ನಾವೇ!" ಎಂದು ಕಿರುಚಿ ನಕ್ಕರು. ಮುಖ್ಯೋಪಾಧ್ಯಾಯಿನಿ ಅವಳನ್ನು ಮೊದಲ ಸಾಲಿನಲ್ಲಿ, ಗಡಿಯಾರದ ಮುದುಕನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಇಂಥಾ ತಾಯಿ ಸಿಗಬೇಕು ರೀ. ಮಗಳ ತಪ್ಪನ್ನ ಮುಚ್ಚಿಡದೆ ನಾಲ್ಕು ಜನರ ಮುಂದೆ ತಂದಿದೀರಲ್ಲ" ಎಂದು ಬಾಗಿ ಕಿವಿಯಲ್ಲಿ ಹೇಳಿದರು. ಮುದುಕ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ, ನಿದ್ದೆಹೋದ ಮಗುವನ್ನು ಮಲಗಿಸುವ ಹಾಗೆ. "ಇದನ್ನ ಪ್ರದರ್ಶನಕ್ಕೆ ಅಂತ ಕರೆಸಿದಾರೆ ಕಣಮ್ಮಾ" ಎಂದು ನಕ್ಕ. "ಕೆಟ್ಟ ಗಡಿಯಾರ ಕೂಡ ದಿನಕ್ಕೆ ಎರಡು ಸಲ ಉಪಯೋಗಕ್ಕೆ ಬರುತ್ತಂತೆ. ಇದು ಇವತ್ತು ಒಂದು ಸಲ."

ಮೈಕು ಎತ್ತರವಾಗಿತ್ತು. ಪೇದೆ ಅದನ್ನು ಬಗ್ಗಿಸಿ, ಸಡಿಲ ಜಡೆಯನ್ನು ಮಗಳ ಹೆಗಲ ಹಿಂದಕ್ಕೆ ಹಾಕಿ, ಫೋಟೋದವನಿಗೆ ಸನ್ನೆ ಮಾಡಿದ. ಅಷ್ಟೊಂದು ಮಕ್ಕಳ ನಡುವೆ ಎಲ್ಲೋ ಹಿಂದಿನ ಸಾಲಿನಲ್ಲಿ ನಾಲ್ಕೈದು ಕೈಗಳು ಪಕ್ಕಕ್ಕೆ ಚಾಚಿಕೊಂಡವು. ಕಿಸಿಕಿಸಿ ನಗು. ಶಿಕ್ಷಕಿಯೊಬ್ಬರು ಶ್ ಎಂದರು. ಮಗಳು ಹಾಳೆ ಬಿಚ್ಚಿದಳು.

"ಎಲ್ಲರಿಗೂ ನಮಸ್ಕಾರ. ನಾನು ಪ್ರತಿದಿನ ನನ್ನ ಅಮ್ಮನ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಬರುತ್ತೇನೆ. ನಾನು ನನ್ನ ಅಮ್ಮನ ಕೈ." ದನಿ ಸ್ಪಷ್ಟವಾಗಿತ್ತು, ಸ್ವಲ್ಪವೂ ನಡುಗಲಿಲ್ಲ. "ನಾನು ಕೈ ತೋರಿಸಲು..."

ನಿಂತಿತು. ಮರೆತೆ ಅನ್ನು, ಎಂದು ಅವಳು ಒಳಗೊಳಗೇ ಅಂದಳು. ಅಂದುಬಿಡು. ಆ ಒಂದು ಪದ ಹೊರಗೆ ಬಂದರೆ ಅದು ಇನ್ನು ಎಂದೆಂದಿಗೂ ನಿಜವಾಗುತ್ತದೆ. ಮುನ್ನೂರು ಜನರ ಎದುರಿಗೆ, ಮೈಕಿನಲ್ಲಿ, ಫೋಟೋದ ಸಮೇತ. ಆಮೇಲೆ ತನಗೇ ಅನುಮಾನ ಬರಬಹುದು, ತಾನು ಹೇಳಿದ್ದಿರಬಹುದು ಎಂದು. ಅವಳ ಬಾಯಿ ತಾನಾಗಿ ಆ ಪದದ ಆಕಾರಕ್ಕೆ ತೆರೆದುಕೊಂಡಿತು, ಮಗಳಿಗೆ ತುಟಿಯಾಡಿಸಿ ನೆನಪಿಸುವವಳ ಹಾಗೆ. ಹಾಲು ಕುಡಿಸುವಾಗ, ಅ ಆ ಕಲಿಸುವಾಗ, ಇದೇ ಬಾಯಿ ಹೀಗೆಯೇ ತೆರೆದಿತ್ತು. ಮಗಳು ಹಾಳೆಯಿಂದ ತಲೆಯೆತ್ತಿ ಆ ಬಾಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಬಹಳ ಹಿಂದೆ ಹೇಳಬೇಕಾಗಿದ್ದ ಒಂದು ಪದಕ್ಕಾಗಿ ಆ ತುಟಿಗಳಲ್ಲಿ ಹುಡುಕುವವಳಂತೆ.

"ಮರೆತೆ," ಪೇದೆ ಪಕ್ಕದಿಂದ ಪಿಸುಗುಟ್ಟಿದ. "ಮರೆತೆ ಅನ್ನು ಪುಟ್ಟಾ. ಕೇಳಿಸ್ತಾ?"

"ಕೇಳಿಸ್ತು ಮಾಮ," ಎಂದಳು ಮಗಳು. ಅದೂ ಮೈಕಿನಲ್ಲಿ ಇಡೀ ಅಂಗಳಕ್ಕೆ ಕೇಳಿಸಿತು. ಮಕ್ಕಳು ನಕ್ಕರು. ಮುದುಕನೂ ನಕ್ಕ. ಮಗಳು ನಗಲಿಲ್ಲ. ಹಾಳೆಯನ್ನು ಮಡಚಿದಳು, ಮೈಕಿನ ಹತ್ತಿರಕ್ಕೆ, ಅಮ್ಮ ಹೇಳಿಕೊಟ್ಟ ಹಾಗೆಯೇ, ಬಾಯಿ ತಂದಳು.

"ಅಮ್ಮಾ, ಆವತ್ತು ನೀನು 'ಬಲ' ಅಂತ ಹೇಳಿದ್ಯಾ?"